ಗುಡ್ಡದ ಕಡೆಗೆ ಗಾಜಿನ ಗೋಡೆ ಬೇಕೇ?

ಹುಬ್ಬಳ್ಳಿಯಲ್ಲಿ ಕುಳಿತು ಮನೆಗಳ ನಕ್ಷೆ ಬರೆಯುವ ನನ್ನ ಬಳಿಗೆ ಕೆಲವು ವರ್ಷಗಳಿಂದ ಒಂದೇ ಬಗೆಯ ಮನೆಯ ಆಸೆ ಹೊತ್ತು ಬರುವವರು ಹೆಚ್ಚಾಗಿದ್ದಾರೆ. ಗದಗ ಜಿಲ್ಲೆಯ ಕಪ್ಪತಗುಡ್ಡದ ಮಗ್ಗುಲಲ್ಲಿ ಎರಡೋ ಮೂರೋ ಎಕರೆ ಹೊಲ ಹಿಡಿದಿರುತ್ತಾರೆ. ಅಲ್ಲಿ ಹಳ್ಳಿಗೆ ಒಪ್ಪುವಂತಿರುವ, ಆದರೆ ಈ ಕಾಲದ ಅನುಕೂಲಗಳೆಲ್ಲ ಇರುವ, ಕರೆಂಟ್ ಬಿಲ್ಲಿನ ಭಯವಿಲ್ಲದ ಒಂದು ವಿಲ್ಲಾ ಬೇಕು ಎನ್ನುತ್ತಾರೆ. ಮಾತು ಮುಗಿಯುವ ಮೊದಲು ಹೆಚ್ಚುಕಡಿಮೆ ಎಲ್ಲರೂ ಕೇಳುವ ಪ್ರಶ್ನೆ ಇದು: "ಗುಡ್ಡ ನೋಡಾಕಂತನ ಹೊಲ ತಗೊಂಡೀವ್ರೀ, ಆ ಕಡಿ ಗ್ವಾಡಿ ಪೂರ್ತಿ ಗಾಜ ಹಾಕಿಸಿದ್ರ ಏನ್ ತಪ್ಪ?"

ನನ್ನ ಉತ್ತರ ನಿಮ್ಮ ಹೊಲ ಗುಡ್ಡದ ಯಾವ ಮಗ್ಗುಲಿಗಿದೆ ಎಂಬುದರಿಂದ ಶುರುವಾಗುತ್ತದೆ. ಶಿರಹಟ್ಟಿ ಕಡೆಯ ಹೊಲಗಳಿಗೆ ಗುಡ್ಡ ಮೂಡಣಕ್ಕೆ ಕಾಣುತ್ತದೆ. ಡಂಬಳದ ಕಡೆಯ ಹೊಲಗಳಿಗೆ ಪಡುವಣಕ್ಕೆ. ಮೊದಲನೆಯವರಿಗೆ ಬೆಳಗಿನ ಎಳೆಬಿಸಿಲಷ್ಟೇ ಲೆಕ್ಕ, ದೊಡ್ಡ ಕಿಟಕಿ ಇಟ್ಟರೂ ಹೇಗೋ ನಡೆದೀತು. ಎರಡನೆಯವರಿಗೆ ನೋಟವೂ ಉರಿಯೂ ಒಂದೇ ದಿಕ್ಕಿನಿಂದ ಬರುತ್ತವೆ. ಪ್ರಶ್ನೆ ಕೇಳುವವರಲ್ಲಿ ಬಹುಪಾಲು ಈ ಎರಡನೆಯ ಗುಂಪಿನವರಾದ್ದರಿಂದ ನಾನು ಅವರಿಗೇ ಬರೆಯುತ್ತಿದ್ದೇನೆ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಆ ಕಡೆ ಮೊದಲ ಬಾರಿಗೆ ಮನೆ ಮಾಡಿದಾಗ ಕೂರುವ ಕೋಣೆಯ ಪಡುವಣ ಗೋಡೆಯಲ್ಲಿ 12 ಅಡಿ ಅಗಲ, 7 ಅಡಿ ಎತ್ತರದ ಗಾಜು ಕೂರಿಸಿದ್ದೆ. ಗೃಹಪ್ರವೇಶ ಡಿಸೆಂಬರಿನಲ್ಲಿ ಆಯಿತು, ಬಂದವರೆಲ್ಲ ಹೊಗಳಿ ಹೋದರು. ಏಪ್ರಿಲ್ ಕೊನೆಯಲ್ಲಿ ಬೇರೇನೋ ಕೆಲಸಕ್ಕೆ ಆ ಮನೆಗೆ ಹೋದರೆ, ಗಾಜಿಗೆ ಈ ತುದಿಯಿಂದ ಆ ತುದಿಯವರೆಗೆ ಗಾಢ ಕಂದು ಬಣ್ಣದ ದಪ್ಪ ಪರದೆ. ಅದರ ಅಂಚಿನಲ್ಲಿ ಬೆಳಕು ಇಣುಕದಿರಲೆಂದು ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಸಿಕ್ಕಿಸಿದ್ದರು. ಮನೆಯ ಯಜಮಾನತಿ ಚಹಾ ಕೊಡುತ್ತ, "ಪರದೆ ನೋಡಾಕ ಇಷ್ಟ ರೊಕ್ಕಾ ಹಾಕಿದ್ವೇನ್ರೀ ಸರ?" ಎಂದರು. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಲೆಕ್ಕ ಹಾಕಿ ನೋಡಿದ್ದು ಆಮೇಲೆ. ಗದಗ ಇರುವುದು 15.4 ಡಿಗ್ರಿ ಉತ್ತರ ಅಕ್ಷಾಂಶದ ಸುಮಾರಿನಲ್ಲಿ. ಏಪ್ರಿಲ್‌ನಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆ ಇಲ್ಲಿ ಸೂರ್ಯ ದಿಗಂತದಿಂದ 30 ಡಿಗ್ರಿಯಷ್ಟೇ ಮೇಲಿರುತ್ತಾನೆ, ಆ ಬಿಸಿಲು ಪಡುವಣ ಗೋಡೆಗೆ ಹೆಚ್ಚುಕಡಿಮೆ ನೇರವಾಗಿ ಬಡಿಯುತ್ತದೆ. 7 ಅಡಿ ಎತ್ತರದ ಗಾಜನ್ನು ಆ ಬಿಸಿಲಿನಿಂದ ಪೂರ್ತಿ ಮರೆಮಾಡಲು 12 ಅಡಿ ಮುಂದಕ್ಕೆ ಚಾಚಿದ ಛಜ್ಜಾ ಬೇಕು. ನಾನು ಕೊಟ್ಟದ್ದು 2 ಅಡಿ. ಸಾದಾ ಗಾಜು ತನ್ನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಸುಮಾರು ಶೇಕಡ 80ರಷ್ಟನ್ನು ಒಳಗೆ ಬಿಡುತ್ತದೆಯಾದ್ದರಿಂದ, ಆ ಅಳತೆಯ ಗಾಜಿನ ಮೂಲಕ ಸಂಜೆಯ ಹೊತ್ತು 4 ಕಿಲೋವ್ಯಾಟ್‌ನಷ್ಟು ಶಾಖ ಆ ಕೋಣೆಗೆ ನುಗ್ಗುತ್ತದೆ. ಒಂದು ಟನ್ನಿನ ಎಸಿ ಹೊರಹಾಕಬಲ್ಲದ್ದು 3.5 ಕಿಲೋವ್ಯಾಟ್ ಮಾತ್ರ. ಎಂದರೆ ಆ ಗಾಜನ್ನು ಸಾಕುವುದಕ್ಕೇ ಒಂದು ಎಸಿ ಸಾಲದು.

ಇನ್ನೊಂದು ಸಂಗತಿ ನನಗೆ ಹೊಳೆದದ್ದು ಇನ್ನೂ ತಡವಾಗಿ. ಪಡುವಣದ ಗುಡ್ಡ ಚೆಂದ ಕಾಣುವುದು ಬೆಳಿಗ್ಗೆ. ಏಳೂವರೆಯ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಹೋಗಿ ಗುಡ್ಡದ ಮೈಮೇಲೆ ಬೀಳುವಾಗ ಒಂದೊಂದು ಕಣಿವೆ, ಒಂದೊಂದು ಪೊದೆ, ನೆತ್ತಿಯ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳ ಸಹಿತ ಎಣಿಸುವಂತೆ ಕಾಣುತ್ತವೆ. ಸಂಜೆ ಅದೇ ಗುಡ್ಡ ಕಣ್ಣು ಕೋರೈಸುವ ಬೆಳಕಿನ ಮುಂದೆ ಒಂದು ಕಪ್ಪು ಗೆರೆ. ಹೊತ್ತು ಮುಳುಗುವ ಕಡೆಯ ಇಪ್ಪತ್ತು ನಿಮಿಷ ಬಿಟ್ಟರೆ ಆ ಹೊತ್ತಿನಲ್ಲಿ ಒಳಗೆ ಕುಳಿತು ನೋಡುವಂಥದ್ದೇನೂ ಇರುವುದಿಲ್ಲ, ಮತ್ತು ಆ ಇಪ್ಪತ್ತು ನಿಮಿಷ ಯಾರೂ ಒಳಗೆ ಕುಳಿತಿರುವುದಿಲ್ಲ.

ಆದ್ದರಿಂದ ನಾನು ಈಗ ಕೇಳಿದವರಿಗೆಲ್ಲ ಹೇಳುವುದು: ಗುಡ್ಡದ ಕಡೆಗೆ ಗಾಜು ಬೇಡ, ಕಟ್ಟೆ ಇರಲಿ. ಪಡುವಣಕ್ಕೆ 10–12 ಅಡಿ ಅಗಲದ, ಕಲ್ಲುಕಂಬಗಳ ಮೇಲೆ ಹಂಚು ಹೊದಿಸಿದ, ಮುಂದೆ ತಗ್ಗಾಗಿ ಇಳಿದ ತೆರೆದ ಪಡಸಾಲೆ ಮಾಡಿ, ಅದರ ಅಂಚಿಗೆ ಕೂರುವಷ್ಟು ಎತ್ತರದ ಕಟ್ಟೆ ಕಟ್ಟಿದರೆ, ಬೆಳಗಿನ ಚಹಾ ಅಲ್ಲಿ, ಸಂಜೆಯ ಹರಟೆಯೂ ಅಲ್ಲಿ. ಮುಂಗಾರಿನಲ್ಲಿ ನೈಋತ್ಯದಿಂದ ಬೀಸುವ ಗಾಳಿ ಮಳೆಯ ಎರಚಲನ್ನು ತಂದು ಹೊಡೆಯುವುದೂ ಈ ಗೋಡೆಗೇ. ಪಡಸಾಲೆ ಇದ್ದರೆ ಅದೂ ತಪ್ಪುತ್ತದೆ. ಒಳಗಿನಿಂದಲೂ ಗುಡ್ಡ ಕಾಣಲೇಬೇಕೆಂದರೆ ಕುಳಿತವರ ಕಣ್ಣಿನ ಮಟ್ಟಕ್ಕೆ ಒಂದೂವರೆ ಅಡಿ ಎತ್ತರದ, ಉದ್ದನೆಯ ಕಿಟಕಿಯೊಂದು ಸಾಕು. ಗುಡ್ಡವೂ ಉದ್ದಕ್ಕೆ ಮಲಗಿದ್ದೇ ಅಲ್ಲವೇ. ಬೆಳಕಿಗೆ ದೊಡ್ಡ ಕಿಟಕಿಗಳನ್ನು ತೆಂಕಣ ಮತ್ತು ಬಡಗಣಕ್ಕೆ ಕೊಡಬಹುದು. ಡಿಸೆಂಬರಿನ ನಡುಹಗಲು ಸೂರ್ಯ ತೆಂಕಣದಲ್ಲಿ 51 ಡಿಗ್ರಿ ಎತ್ತರದಲ್ಲಿದ್ದು ಕಿಟಕಿಯಿಂದ ಹದವಾಗಿ ಒಳಗೆ ಬರುತ್ತಾನೆ, ಮೇ ಮೊದಲ ವಾರದಲ್ಲಿ ನೆತ್ತಿಗೇ ಏರಿ ತೆಂಕಣ ಗೋಡೆಯನ್ನು ಬಿಟ್ಟುಬಿಡುತ್ತಾನೆ. ಅಲ್ಲಿ 2 ಅಡಿ ಛಜ್ಜಾ ನಿಜಕ್ಕೂ ಕೆಲಸ ಮಾಡುತ್ತದೆ.

ವಾಸ್ತುವಿನ ಮಾತು ಇಲ್ಲಿ ಬಂದೇ ಬರುತ್ತದೆ. ಯಜಮಾನರ ಮಲಗುವ ಕೋಣೆ ನೈಋತ್ಯದಲ್ಲೇ ಇರಬೇಕು ಎನ್ನುತ್ತಾರೆ, ಮನೆಯಲ್ಲಿ ಹೆಚ್ಚು ಕಾಯುವ ಮೂಲೆಯೂ ಅದೇ. ನಾನು ವಾದಿಸುವುದಿಲ್ಲ, ಆ ಕೋಣೆಯ ಪಡುವಣಕ್ಕೆ ಬಚ್ಚಲನ್ನೂ ಗೋಡೆಯುದ್ದ ಕಪಾಟನ್ನೂ ಇಟ್ಟು ಬಿಸಿಲನ್ನು ಅವುಗಳ ಮೇಲೆ ಹಾಕುತ್ತೇನೆ. ಯಜಮಾನರೂ ಒಪ್ಪುತ್ತಾರೆ, ಶಾಸ್ತ್ರ ಹೇಳಿದವರೂ ಒಪ್ಪುತ್ತಾರೆ.

ಗಾಜಿಗಿಂತ ದೊಡ್ಡ ಸಂಗತಿ ಮಾಳಿಗೆ. ನಮ್ಮ ಹಳೆಯ ಮಾಳಿಗೆ ಮನೆಗಳಲ್ಲಿ ತೊಲೆ, ಜಂತಿ, ಅವುಗಳ ಮೇಲೆ ಹಲಗೆ, ಅದರ ಮೇಲೆ ದಪ್ಪಗೆ ಮಣ್ಣು ಇರುತ್ತಿತ್ತು. ಹಗಲಿನ ಬಿಸಿ ಆ ಮಣ್ಣನ್ನು ದಾಟುವಷ್ಟರಲ್ಲಿ ರಾತ್ರಿಯಾಗಿ, ಬೆಳಕಿಂಡಿಯಿಂದ ಬಿಸಿಗಾಳಿ ಮೇಲೇರಿ ಹೋಗುತ್ತಿತ್ತು. ಇಂದು ಯಾರೂ ಪ್ರತಿವರ್ಷ ಮುಂಗಾರಿಗೆ ಮುಂಚೆ ಮಾಳಿಗೆ ಹತ್ತಿ ಕರ್ಲು ಮಣ್ಣು ಹಾಕುವುದಿಲ್ಲ, ಹಾಕಿ ಎಂದು ನಾನು ಹೇಳುವುದೂ ಇಲ್ಲ. ಆದರೆ ಅದರ ಬದಲಿಗೆ ಬಂದ ಬರಿಯ ಆರ್‌ಸಿಸಿ ಸ್ಲ್ಯಾಬ್ ದಿನವಿಡೀ ಬಿಸಿಲು ಕುಡಿದು, ನಾವು ಮಲಗುವ ಹೊತ್ತಿಗೆ ಸರಿಯಾಗಿ ಅದನ್ನು ಕೆಳಕ್ಕೆ ಬಿಡುತ್ತದೆ. ರಾತ್ರಿ ಹತ್ತಕ್ಕೆ ಮಂಚದ ಮೇಲೆ ನಿಂತು ಸೂರಿಗೆ ಅಂಗೈ ಒತ್ತಿ ನೋಡಿ, ಆಗಷ್ಟೇ ಒಲೆಯಿಂದ ಇಳಿಸಿದ ರೊಟ್ಟಿ ಹೆಂಚಿನ ನೆನಪಾಗುತ್ತದೆ.

ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ಇಕೋ ನಿವಾಸ ಸಂಹಿತೆ ವಾಸದ ಮನೆಗಳ ಸೂರಿಗೆ ಒಂದು ಮಿತಿ ಹಾಕಿದೆ: ಒಳಹೊರಗಿನ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರಿನಲ್ಲಿ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ದಾಟಬಾರದು. ಬರಿಯ ಸ್ಲ್ಯಾಬಿನಲ್ಲಿ ಇದು 3ಕ್ಕೂ ಮಿಕ್ಕಿ ಇರುತ್ತದೆ. ಸ್ಲ್ಯಾಬಿನ ಮೇಲೆ 2 ಇಂಚಿನ ಗಟ್ಟಿ ಫೋಮ್ ಹಲಗೆ ಹಾಸಿ, ಅದರ ಮೇಲೆ ಕಾಂಕ್ರೀಟ್ ಎಳೆದು, ಬಿಳಿ ಟೈಲ್ಸಿನ ಚೂರು ಕೂರಿಸಿದರೆ ಮಿತಿಯೊಳಗೆ ಸಲೀಸಾಗಿ ಬರುತ್ತದೆ. ಬಿಳಿ ಮಾಳಿಗೆ ಹಸಿರು ಗುಡ್ಡದ ಬುಡದಲ್ಲಿ ಹಲ್ಲು ಕಿರಿದಂತೆ ಕಾಣುವುದಿಲ್ಲವೇ ಎಂದು ಒಬ್ಬರು ಕೇಳಿದ್ದರು. ನೆಲದ ಮೇಲೆ ನಿಂತವರಿಗೆ ಪ್ಯಾರಾಪೆಟ್ ಮರೆಯಾಗುತ್ತದೆ. ಗುಡ್ಡ ಹತ್ತಿದವರಿಗೆ ಕಾಣುತ್ತದೆ, ನಿಜ, ಅಷ್ಟನ್ನು ನಾನು ಒಪ್ಪಿಕೊಂಡಿದ್ದೇನೆ.

ಗೋಡೆಗೆ ಬಂದರೆ, ಗುಡ್ಡದ ಬುಡದ ಮಸಾರಿ (ಕೆಂಪು) ಮಣ್ಣು ಒಂದು ವರ. ಅದಕ್ಕೆ ಶೇಕಡ 7ರಷ್ಟು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ನೀರುಣಿಸಿ ಮಾಡಿದ ಇಟ್ಟಿಗೆಯನ್ನು ಸುಡುವ ಗೊಡವೆಯೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಗಿಲಾಯಿ (ಪ್ಲಾಸ್ಟರ್) ಮಾಡದೆ ಬಿಟ್ಟ ಆ ಗೋಡೆಗೆ ಹೊಲದ್ದೇ ಬಣ್ಣ ಇರುವುದರಿಂದ ಸುತ್ತಲಿನೊಂದಿಗೆ ಬೆರೆಯಲು ಬೇರೆ ಬಣ್ಣ ಹುಡುಕಬೇಕಾಗಿಲ್ಲ. ಎರೆ (ಕಪ್ಪು ಮಣ್ಣಿನ) ಹೊಲದವರು ಮಾತ್ರ ಈ ಆಸೆ ಬಿಡಬೇಕು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ; ಅದು ಇಟ್ಟಿಗೆಗೂ ಆಗದು, ಬುನಾದಿಯನ್ನು ಕೆಳಗಿನ ಗಟ್ಟಿ ಗರಸು ಸಿಗುವವರೆಗೆ ಇಳಿಸದಿದ್ದರೆ ಗೋಡೆಯನ್ನೂ ಸೀಳುತ್ತದೆ.

ಕರೆಂಟಿನ ವಿಷಯ ಈಗ ಸುಲಭ. 1 ಕಿಲೋವ್ಯಾಟ್ ಸೋಲಾರ್ ಫಲಕಗಳು ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತವೆ, ತೆಂಕಣಕ್ಕೆ 15 ಡಿಗ್ರಿ ವಾಲಿಸಿದರೆ ಸಾಕು. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವುದನ್ನು ಕಂಡು ತಮ್ಮ ಮಾಳಿಗೆಗೂ ಒಂದು ಚಿಕ್ಕದು ಬೇಕೆನ್ನುವವರಿದ್ದಾರೆ. ಗಾಳಿಯ ವೇಗ ಅರ್ಧವಾದರೆ ಅದರಿಂದ ಸಿಗುವ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಗುಡ್ಡದ ನೆತ್ತಿಯ ಗಾಳಿ ನಿಮ್ಮ ಮಾಳಿಗೆಗೆ ಬರುವುದಿಲ್ಲ.

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಹೊಲ ಅದರ ಅಂಚಿಗಿದ್ದರೆ ಎನ್‌ಎ (ಕೃಷಿಯೇತರ ಪರಿವರ್ತನೆ) ಮಾಡಿಸುವ ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ಅಲ್ಲಿ ತೋಳ, ಕತ್ತೆಕಿರುಬಗಳು ರಾತ್ರಿ ಓಡಾಡುತ್ತವೆ, ಅವುಗಳ ಓಡಾಟಕ್ಕೆ ಅಡ್ಡಿಯಾಗದಂತೆ ಕಂಪೌಂಡಿನುದ್ದಕ್ಕೂ ಫ್ಲಡ್‌ಲೈಟ್ ಹಾಕಿಸಬೇಡಿ. ನಡೆಯುವ ದಾರಿಗೆ ಮೊಣಕಾಲೆತ್ತರದ, ಕೆಳಮುಖದ ದೀಪ ಸಾಕು. ಮನೆಯನ್ನು ದಿಬ್ಬದ ನೆತ್ತಿಗೆ ಏರಿಸದೆ ಅದರ ಮಗ್ಗುಲಿಗೆ ಒರಗಿಸಿ, ಹಳೆಯ ಬದುವನ್ನೂ ಅದರ ಮೇಲಿನ ಬೇವಿನ ಮರಗಳನ್ನೂ ಹಾಗೇ ಉಳಿಸಿ.

ನನ್ನ ಆ ಮೊದಲ ಮನೆಗೆ ಮರುವರ್ಷ ನನ್ನ ಖರ್ಚಿನಲ್ಲೇ ನಕ್ಷೆ ಬರೆದು ಪಡುವಣಕ್ಕೆ 11 ಅಡಿಯ ಪಡಸಾಲೆ ಸೇರಿಸಿದೆವು. ಗಾಜು ಈಗಲೂ ಇದೆ. ಪರದೆ ತೆಗೆದಿದ್ದಾರೆ, ಕ್ಲಿಪ್ಪುಗಳು ಹಿತ್ತಲಿನ ತಂತಿಗೆ ಹೋಗಿವೆ. ನೀವು ನಕ್ಷೆಗೆಂದು ಬರುವ ಮುನ್ನ ಒಂದು ಕೆಲಸ ಮಾಡಿ: ಏಪ್ರಿಲ್‌ನಲ್ಲಿ ಒಂದು ದಿನ ನಿಮ್ಮ ಹೊಲಕ್ಕೆ ಕುರ್ಚಿ ಒಯ್ದು, ಸಂಜೆ ನಾಲ್ಕೂವರೆಗೆ ಗುಡ್ಡದ ಕಡೆ ಮುಖ ಮಾಡಿ ಅರ್ಧ ತಾಸು ಕುಳಿತು ಬನ್ನಿ.