ಕೊಕ್ಕೆ ತಕ್ಕಡಿಗೆ ನೇತುಹಾಕಿದ ಸೈಕಲ್ಲು

ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಗೆ ಸೀಟಿನ ಮೂತಿ ಸಿಕ್ಕಿಸಿ ಎತ್ತಿದಾಗ ಬಂದದ್ದು 17.4 ಕೆಜಿ. 27.5 ಇಂಚಿನ ಚಕ್ರ, ಹಿಂದೆ ಮುಂದೆ 200 ಮಿಮೀ ಸಸ್ಪೆನ್ಷನ್, ಕಾಯಿಲ್ ಸ್ಪ್ರಿಂಗ್, ಅಲ್ಯುಮಿನಿಯಂ ಫ್ರೇಮ್, ಟಯರಿನೊಳಗೆ ದಪ್ಪ ಟ್ಯೂಬ್. ಇಂಥ ಡೌನ್‌ಹಿಲ್, ಅಂದರೆ ಗುಡ್ಡ ಇಳಿಯುವ ರೇಸಿನ ಸೈಕಲ್ಲಿಗೆ ಈ ತೂಕ ವಿಪರೀತವೇನಲ್ಲ. ರಸ್ತೆ ರೇಸಿನ ಸೈಕಲ್ಲು 6.8 ಕೆಜಿಗಿಂತ ಹಗುರ ಇರಬಾರದು ಅಂತ ವಿಶ್ವ ಸೈಕ್ಲಿಂಗ್ ಸಂಸ್ಥೆ ಯುಸಿಐಯ ನಿಯಮವಿದೆ. ಡೌನ್‌ಹಿಲ್ಲಿಗೆ ಆ ಕಟ್ಟು ಇಲ್ಲ. ಬೆಳಿಗ್ಗೆ ಗ್ಯಾರೇಜಿನಲ್ಲಿ ಬಿಚ್ಚಿ ತೂಕ ಇಳಿಸುವುದು, ಮಧ್ಯಾಹ್ನ ದೇವನಹಳ್ಳಿ ಹತ್ತಿರದ ಆವತಿ ಗುಡ್ಡದಲ್ಲಿ ಓಡಿಸಿ ನೋಡುವುದು ಅಂತ ಆ ಭಾನುವಾರದ ಲೆಕ್ಕ.

ಇಳಿಜಾರಿನಲ್ಲಿ ಎಳೆಯುವುದು ಗುರುತ್ವ. ಸೈಕಲ್ಲು ಹಗುರಾದ ಮಾತ್ರಕ್ಕೆ ಬೇಗ ಇಳಿಯುವುದಿಲ್ಲ. ಗಾಳಿಯನ್ನು ಸೀಳಲು ತೂಕವೇ ಒಂಚೂರು ಅನುಕೂಲ. ತೂಕ ಕಾಡುವುದು ಸ್ಟಾರ್ಟ್‌ನಲ್ಲಿ ನಿಂತಲ್ಲಿಂದ ತುಳಿಯುವಾಗ, ಬಿಗಿ ತಿರುವಿನಲ್ಲಿ ವೇಗ ಸತ್ತ ಮೇಲೆ ಮತ್ತೆ ಎಬ್ಬಿಸುವಾಗ. ಅಲ್ಲೂ ಎಲ್ಲ ಗ್ರಾಂ ಒಂದೇ ಅಲ್ಲ. ರಿಮ್ಮಿನ ಅಂಚಿನ ತೂಕವನ್ನು ಮುಂದಕ್ಕೂ ತಳ್ಳಬೇಕು, ತಿರುಗಿಸಲೂ ಬೇಕು. ವೇಗ ಹೆಚ್ಚಿಸುವ ಲೆಕ್ಕದಲ್ಲಿ ಅದು ಹತ್ತಿರಹತ್ತಿರ ಎರಡು ಪಟ್ಟು. ಜೊತೆಗೆ ಚಕ್ರ ಹಗುರಾದರೆ ಕಲ್ಲಿನ ಮೇಲೆ ಹಾರಿದ್ದು ಬೇಗ ನೆಲಕ್ಕೆ ಕೂರುತ್ತದೆ. ಅದಕ್ಕೇ ಮೊದಲು ಕೈಹಾಕಿದ್ದು ಟಯರಿಗೆ.

ಹೊರಬಂದ ಎರಡು ಟ್ಯೂಬಿನ ತೂಕ 680 ಗ್ರಾಂ. ಟೇಪು, ವಾಲ್ವು, ಚಕ್ರಕ್ಕೆ 120 ಮಿಲಿಯಂತೆ ತೂತು ಮುಚ್ಚುವ ದ್ರವ ಸೀಲೆಂಟ್ ಸೇರಿ ವಾಪಸ್ ಹೋದದ್ದು 300. ಟ್ಯೂಬ್‌ಲೆಸ್ ಮಾಡುವಾಗ ಕೆಲಸ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ: ಹಳೇ ಟ್ಯೂಬಿನ ಪೌಡರ್ ರಿಮ್ಮಿಗೆ ಮೆತ್ತಿಕೊಂಡಿರುತ್ತದೆ, ಟೇಪು ಹಿಡಿಯುವುದಿಲ್ಲ. ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ, ಬಟ್ಟೆ ಬಿಳಿಯಾಗೇ ಬರುವವರೆಗೆ ಒರೆಸಬೇಕು. ಟೇಪು ರಿಮ್ಮಿನ ಒಳ ಅಗಲಕ್ಕಿಂತ ಎರಡು ಮೂರು ಮಿಮೀ ಹೆಚ್ಚಿರಲಿ, ಎಳೆದು ಬಿಗಿಯಾಗಿ ಎರಡು ಸುತ್ತು. ವಾಲ್ವಿನ ತೂತನ್ನು ಬ್ಲೇಡಿನಿಂದ ಕೊಯ್ದರೆ ಸೀಳು ಮುಂದುವರಿಯುತ್ತದೆ. ಕಾಯಿಸಿದ ಮೊಳೆಯಿಂದ ಚುಚ್ಚಿದರೆ ಅಂಚು ಕರಗಿ ಕೂರುತ್ತದೆ. ಕಾಲಲ್ಲಿ ಒತ್ತಿ ಹಿಡಿಯುವ ಪಂಪಿನಿಂದ ಟಯರು ಏಳಲೇ ಇಲ್ಲ. ಅಂಚಿಗೆ ಸೋಪಿನ ನೀರು ಸವರಿ, ವಾಲ್ವಿನ ಒಳಪಿನ್ನು ತೆಗೆದು, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಕೊಟ್ಟಾಗ ಟಪ್, ಟಪ್ ಅಂತ ಎರಡೂ ಅಂಚು ಕೂತವು. ಸೀಲೆಂಟ್ ಹಾಕಿದ್ದು ಆಮೇಲೆ, ವಾಲ್ವಿನ ಮೂಲಕ.

ಮುಂದಿನ ಎರಡು ಪದರದ ಟಯರು ತೆಗೆದು ಒಂದು ಪದರದ್ದು ಹಾಕಿದ್ದಕ್ಕೆ 220 ಗ್ರಾಂ ಇಳಿಯಿತು. ಆಸೆಗೆ ಬಿದ್ದು ಹಿಂದೆಯೂ ಅದನ್ನೇ ಹಾಕಿದ್ದಾಯಿತು. ಅದರ ಫಲ ಮಧ್ಯಾಹ್ನಕ್ಕೆ.

ಹಿಂದಿನ ಚಕ್ರದ ಗೇರು ತಟ್ಟೆಗಳ ಗೊಂಚಲು, ಅಂದರೆ 11ರಿಂದ 36 ಹಲ್ಲಿನ ಹತ್ತು ಗೇರಿನ ಕ್ಯಾಸೆಟ್ ಜಾಗಕ್ಕೆ ರಸ್ತೆ ಸೈಕಲ್ಲಿನ 11-25 ಬಂತು: 160 ಗ್ರಾಂ. ಗುಡ್ಡ ಹತ್ತಲು ಜೀಪಿರುವಾಗ 36 ಹಲ್ಲಿನ ತಟ್ಟೆ ಯಾಕೆ? ಹಲ್ಲುಗಳ ನಡುವಿನ ಜಿಗಿತ ಕಮ್ಮಿಯಾದದ್ದೇ ದೊಡ್ಡ ಲಾಭ. ಚೈನಿನಿಂದ ಎಂಟು ಕೊಂಡಿ ಕಿತ್ತದ್ದಕ್ಕೆ ಇನ್ನೊಂದು 18 ಗ್ರಾಂ. ಇಲ್ಲಿ ಮರೆಯುವುದು ಬಿ-ಸ್ಕ್ರೂ, ಅಂದರೆ ಗೇರು ಬದಲಿಸುವ ಪುಲ್ಲಿಯ ದೂರ ಹೊಂದಿಸುವ ತಿರುಪು. ಚಿಕ್ಕ ಕ್ಯಾಸೆಟ್ಟಿಗೆ ಅದನ್ನು ಸಡಿಲಿಸಿ ಮೇಲಿನ ಪುಲ್ಲಿಯನ್ನು ಹಲ್ಲಿಗೆ ಐದಾರು ಮಿಮೀ ಹತ್ತಿರ ತರದಿದ್ದರೆ ಗೇರು ಸೋಮಾರಿಯಾಗಿ ಬೀಳುತ್ತದೆ.

ಖರ್ಚಿಲ್ಲದೆ ಇಳಿದದ್ದು ಸೀಟಿನ ಕಂಬ. 400 ಮಿಮೀ ಕಂಬವನ್ನು ಗರಗಸದಲ್ಲಿ 100 ಮಿಮೀ ಕತ್ತರಿಸಿದರೆ 60 ಗ್ರಾಂ. ಕಂಬದ ಮೇಲಿನ ‘ಇಷ್ಟು ಒಳಗಿರಲೇಬೇಕು’ ಗೆರೆ ತುಂಡಿನ ಜೊತೆ ಹೋಗಿಬಿಡುತ್ತದೆ; ಕತ್ತರಿಸುವ ಮುಂಚೆ ಅದೇ ಅಳತೆಯನ್ನು ಹೊಸ ತುದಿಯಿಂದ ಗುರುತು ಮಾಡಿಕೊಳ್ಳಿ. ಡಿಸ್ಕಿನ ಹನ್ನೆರಡು ಬೋಲ್ಟುಗಳನ್ನು ಟೈಟಾನಿಯಂ ಮಾಡಿದ್ದಕ್ಕೆ ಸಿಕ್ಕಿದ್ದು 12 ಗ್ರಾಂ, ಅಂದರೆ ಒಂದು ಗುಟುಕು ನೀರು. ಅಲ್ಯುಮಿನಿಯಂ ಬೋಲ್ಟನ್ನು ಬ್ರೇಕಿಗೂ ಸ್ಟೆಮ್ಮಿಗೂ ಮುಟ್ಟಿಸಬೇಡಿ.

ಕೊನೆಗೆ ಉಳಿಯದ ಹಿಂದಿನ ಟಯರಿನ 220 ಬಿಟ್ಟು ಕೂಡಿದರೆ ಸುಮಾರು 850 ಗ್ರಾಂ. ಸವಾರ, ಹೆಲ್ಮೆಟ್, ಪ್ಯಾಡು, ಸೈಕಲ್ಲು ಸೇರಿ 92 ಕೆಜಿ ಇರುವಾಗ ಇದು ನೂರಕ್ಕೆ ಒಂದಕ್ಕೂ ಕಮ್ಮಿ. ಚಕ್ರದ ಪಾಲನ್ನು ಎರಡು ಪಟ್ಟು ಹಿಡಿದರೂ ಒಂದೂವರೆ. ಟಾರು ರಸ್ತೆಯಲ್ಲಿ ನಿಂತಲ್ಲಿಂದ 30 ಮೀಟರ್ ತುಳಿದು ಮೊಬೈಲಿನಲ್ಲಿ ಚಿತ್ರೀಕರಿಸಿ ಅಳೆದರೆ, ಒಂದೇ ಸವಾರನ ಓಟದಿಂದ ಓಟಕ್ಕೆ ಬರುವ ವ್ಯತ್ಯಾಸದಲ್ಲೇ ಅದು ಮುಳುಗಿಹೋಯಿತು.

ಎತ್ತಿಹಿಡಿದು ತಿರುಗಿಸಿದ ಹಿಂದಿನ ಚಕ್ರ ಎಂಟೇ ಸುತ್ತಿಗೆ ನಿಂತದ್ದು ಇದಕ್ಕಿಂತ ದೊಡ್ಡ ನಷ್ಟ. ಬ್ರೇಕ್ ಪ್ಯಾಡು ಸವರುತ್ತಿತ್ತು. ಕ್ಯಾಲಿಪರಿನ ಎರಡು ಬೋಲ್ಟು ಸಡಿಲಿಸಿ, ಲಿವರ್ ಒತ್ತಿ ಹಿಡಿದೇ ಬಿಗಿ ಮಾಡಿದರೆ ಸರಿಹೋಗುತ್ತದೆ. ಹಿಂದಿನ ಟಯರಿನ ರಬ್ಬರೂ ಅಂಟಂಟು ಜಾತಿಯದು. ಅದು ಮುಂದೆ ಇರಲಿ, ಹಿಂದಕ್ಕೆ ಒಂದು ಮೆಟ್ಟಿಲು ಗಟ್ಟಿಯದು ಸಾಕು. ಚಕ್ರದ ನಡುವಿನ ಹಬ್ಬಿನಲ್ಲಿ ತುಳಿತವನ್ನು ಚಕ್ರಕ್ಕೆ ಹಿಡಿಸಲು ಇದ್ದದ್ದು 18 ಹಲ್ಲಿನ ರ‍್ಯಾಚೆಟ್, ಅಂದರೆ ಹಿಡಿಯಲು 20 ಡಿಗ್ರಿ ತಿರುಗಬೇಕು. ಮುಂದೆ 36, ಹಿಂದೆ 18 ಹಲ್ಲಿನ ಗೇರಿನಲ್ಲಿ ಪೆಡಲ್ 10 ಡಿಗ್ರಿ, 170 ಮಿಮೀ ಕ್ರ್ಯಾಂಕಿನ ತುದಿಯಲ್ಲಿ ಮೂರು ಸೆಂಟಿಮೀಟರ್ ಖಾಲಿ ಹೋಗುತ್ತದೆ. 36 ಹಲ್ಲಿನ ರ‍್ಯಾಚೆಟ್ ಹಾಕಿದಾಗ ಅದು ಅರ್ಧವಾಯಿತು. 54ರದೂ ಸಿಗುತ್ತದೆ, ಬೇಡ: ಸಸ್ಪೆನ್ಷನ್ ಕುಗ್ಗಿದಾಗ ಚೈನು ಪೆಡಲನ್ನು ಹಿಂದಕ್ಕೆ ಜಗ್ಗುವುದು ಪಾದಕ್ಕೆ ಬಡಿಯುತ್ತದೆ. ರ‍್ಯಾಚೆಟ್ಟಿಗೆ ದಪ್ಪ ಗ್ರೀಸ್ ತುಂಬಿದರೆ ಹಲ್ಲು ಅಂಟಿಕೊಂಡು ಜಾರುತ್ತದೆ, ತೆಳ್ಳಗಿನದನ್ನೇ ಸವರಬೇಕು.

ಚೈನು, ಟಯರು ಎರಡರ ಬೆಲೆಯನ್ನೂ ಆಸ್ಟ್ರಿಯಾದ ಲಿಯೋಗಾಂಗ್ ಹೇಳಿಕೊಟ್ಟಿದೆ. 2014ರ ವಿಶ್ವಕಪ್ಪಿನಲ್ಲಿ ಅಮೆರಿಕದ ಡೌನ್‌ಹಿಲ್ ಸವಾರ ಆರನ್ ಗ್ವಿನ್ ಅಲ್ಲಿ ಹಿಂದಿನ ಟಯರು ಹೋಗಿ ರಿಮ್ಮಿನ ಮೇಲೇ ಕೆಳಗಿಳಿದರು. ಮರುವರ್ಷ ಅದೇ ಗುಡ್ಡದಲ್ಲಿ ಸ್ಟಾರ್ಟ್‌ನಲ್ಲೇ ಚೈನು ತುಂಡಾಯಿತು. ತುಳಿಯದೆಯೇ, ಬ್ರೇಕನ್ನು ಕಂಜೂಸಿಯಿಂದ ಬಳಸಿ, ಉಬ್ಬುತಗ್ಗಿನಲ್ಲಿ ಸೈಕಲ್ಲನ್ನು ಅದುಮಿ ಗೆದ್ದರು.

ಆವತಿಯ ಗ್ರಾನೈಟ್ ಎರಡನೇ ಇಳಿತಕ್ಕೇ ಉತ್ತರ ಕೊಟ್ಟಿತು. ಹಿಂದೆ 28 ಪಿಎಸ್‌ಐ ಇದ್ದರೂ ಒಂದು ಪದರದ ಟಯರಿನ ಪಕ್ಕ ಎರಡು ಸೆಂಟಿಮೀಟರ್ ಸೀಳಿ, ಬಿಳಿ ಸೀಲೆಂಟ್ ಫ್ರೇಮಿಗೆಲ್ಲ ಎರಚಿತು. ಇಷ್ಟುದ್ದದ ಸೀಳನ್ನು ಯಾವ ಸೀಲೆಂಟೂ ಮುಚ್ಚುವುದಿಲ್ಲ. ರಿಮ್ಮಿನ ಅಂಚು ಎರಡು ಮಿಮೀ ಒಳಕ್ಕೆ ಬಾಗಿತ್ತು. ಬಟ್ಟೆ ಸುತ್ತಿದ ಅಡ್ಜಸ್ಟಬಲ್ ಸ್ಪ್ಯಾನರಿನಿಂದ ನಿಧಾನವಾಗಿ ನೆಟ್ಟಗೆ ಮಾಡಿ, ಬಿರುಕು ಬಿಟ್ಟಿದೆಯೇ ಅಂತ ಉಗುರಾಡಿಸಿ ನೋಡಿ, ಗಟ್ಟಿ ರಬ್ಬರಿನ ಎರಡು ಪದರದ ಟಯರು ಹಾಕಿದ್ದಾಯಿತು. ತಕ್ಕಡಿ 16.55 ತೋರಿಸಿತು.