ಮೇಷ್ಟ್ರಿಗೆ ನಾನೇ ಕೊಟ್ಟ ಉಪ್ಪು

ರಾಜಾಜಿನಗರದ ಒಂದು ಮೆಡಿಕಲ್ ಶಾಪಿನಲ್ಲಿ ನಾನು ಫಾರ್ಮಸಿಸ್ಟ್. 11 ವರ್ಷ ಆಯಿತು. ಕೌಂಟರಿನ ಪಕ್ಕದ ರ‍್ಯಾಕಿನಲ್ಲಿ ಕಡಿಮೆ ಸೋಡಿಯಂ ಉಪ್ಪಿನ ಪ್ಯಾಕೆಟ್‌ಗಳಿವೆ. ಅದನ್ನು ಬಿಲ್ ಮಾಡುವಾಗ ಈಗಲೂ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ.

ನಮ್ಮ ಹಳೇ ಕಸ್ಟಮರ್ ಒಬ್ಬರು ರಿಟೈರ್ಡ್ ಮೇಷ್ಟ್ರು. ವಯಸ್ಸು 74. ಬಿಪಿಗೆ ಅಮಿಲೊರೈಡ್ 5, ಹೈಡ್ರೋಕ್ಲೋರೋಥಯಾಜೈಡ್ 50 ಮಿಲಿಗ್ರಾಂ ಸೇರಿದ ಮಾತ್ರೆ, ಮೂತ್ರ ಜಾಸ್ತಿ ಮಾಡುವ ನೀರಿನ ಮಾತ್ರೆ. ದಿನಕ್ಕೆ ಅರ್ಧ, ಬೆಳಿಗ್ಗೆ. ಸಂಜೆ ತಗೊಂಡರೆ ರಾತ್ರಿಯೆಲ್ಲ ಬಚ್ಚಲಿಗೆ ಓಡಾಡಬೇಕು, ಅಲ್ವಾ. ವರ್ಷಗಟ್ಟಲೆ ಅದೇ ರಿಪೀಟ್. ಫೆಬ್ರವರಿಯಲ್ಲಿ ಬೇರೆ ಡಾಕ್ಟರು ಬಿಪಿಗೇ ಇನ್ನೊಂದು ಮಾತ್ರೆ, ಟೆಲ್ಮಿಸಾರ್ಟನ್ 40, ಸೇರಿಸಿದರು. ಹಳೇ ಚೀಟಿ ಬೇರೆ, ಹೊಸ ಚೀಟಿ ಬೇರೆ. ಎರಡಕ್ಕೂ ಮಾತ್ರೆ ಕೊಟ್ಟವಳು ನಾನೇ.

ಮಾರ್ಚಿನಲ್ಲಿ ಬಂದು, "ಉಪ್ಪು ಕಮ್ಮಿ ಮಾಡಿ ಅಂದಿದಾರಮ್ಮಾ. ಸಪ್ಪೆ ಸಾರು ಗಂಟಲಲ್ಲಿ ಇಳಿಯಲ್ಲ" ಅಂದರು. ರ‍್ಯಾಕಿನಿಂದ ಒಂದು ಪ್ಯಾಕೆಟ್ ತೆಗೆದು ಮುಂದಿಟ್ಟೆ. "ಇದನ್ನ ಹಾಕ್ಕೊಳ್ಳಿ ಮೇಷ್ಟ್ರೇ, ಬಿಪಿ ಇರೋರಿಗೆ ಒಳ್ಳೇದು." ಖುಷಿಯಾಗಿ ಹೋದರು.

ಏಪ್ರಿಲ್‌ನಲ್ಲಿ ಮತ್ತೆ ಬಂದರು. ಕೌಂಟರ್ ಹಿಡಿದುಕೊಂಡೇ ನಿಂತಿದ್ದರು. "ಕಾಲಲ್ಲಿ ಶಕ್ತಿನೇ ಇಲ್ಲ ಕಣಮ್ಮಾ." ನಾನು ಯೋಚನೆಯನ್ನೇ ಮಾಡಲಿಲ್ಲ. "ನೀರಿನ ಮಾತ್ರೆ ತಗೊಳ್ತೀರಲ್ಲ, ಪೊಟ್ಯಾಸಿಯಂ ಹೋಗಿರುತ್ತೆ. ದಿನಾ ಒಂದು ಎಳನೀರು ಕುಡೀರಿ, ಬಾಳೆಹಣ್ಣು ತಿನ್ನಿ" ಅಂದೆ.

ಆ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಒಂದೇ ಇದ್ದಿದ್ದರೆ ಆ ಮಾತಿಗೆ ಅರ್ಥ ಇರುತ್ತಿತ್ತು. ಅದು ಉಪ್ಪು, ನೀರಿನ ಜೊತೆ ಪೊಟ್ಯಾಸಿಯಂ ಅನ್ನೂ ಹೊರಗೆ ಹಾಕುತ್ತದೆ. ಹಾಗೆ ಆಗದಿರಲಿ ಅಂತಲೇ ಅದರ ಜೊತೆ ಅಮಿಲೊರೈಡ್ ಸೇರಿಸಿರುತ್ತಾರೆ. ಅಮಿಲೊರೈಡ್ ಪೊಟ್ಯಾಸಿಯಂ ಅನ್ನು ಒಳಗೇ ಹಿಡಿದಿಡುತ್ತದೆ. ಟೆಲ್ಮಿಸಾರ್ಟನ್ನೂ ಅದನ್ನೇ ಮಾಡುತ್ತದೆ. ಪೊಟ್ಯಾಸಿಯಂ ಕಡಿಮೆಯಾದರೂ ಕಾಲು ಸೋಲುತ್ತದೆ, ಜಾಸ್ತಿಯಾದರೂ ಸೋಲುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ನೀರಿನ ಮಾತ್ರೆ ಅಂದ ಕೂಡಲೇ ನನ್ನ ಬಾಯಿಗೆ ಎಳನೀರು ಬಂತು.

ಒಂದು ವಾರದ ನಂತರ, ಸಂಜೆ ಏಳು ಗಂಟೆ, ಫುಲ್ ರಷ್. ಮೇಷ್ಟ್ರ ಸೊಸೆ ಫೋನ್ ಮಾಡಿದರು. "ಮಾವ ಎದ್ದು ನಿಲ್ಲೋಕೂ ಆಗ್ತಿಲ್ಲ ಅಂತಿದಾರೆ. ಬೆಳಿಗ್ಗೆ ಬ್ಲಡ್ ಕೊಟ್ಟಿದ್ವಿ. ಡಾಕ್ಟರ್ ಫೋನ್ ತೆಗೀತಿಲ್ಲ. ರಿಪೋರ್ಟ್ ಸ್ವಲ್ಪ ನೋಡ್ತೀರಾ ಮೇಡಂ?" ವಾಟ್ಸಾಪಿನಲ್ಲಿ ಬಂತು. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ 1.7, ಜಾಸ್ತಿಯೇ. ಪೊಟ್ಯಾಸಿಯಂ 6.4, ದಪ್ಪ ಅಕ್ಷರದಲ್ಲಿ. 5ರ ಆಸುಪಾಸಿಗೆ ನಿಲ್ಲಬೇಕಾದದ್ದು. ಸ್ಯಾಂಪಲ್ ಹೀಮೊಲೈಸ್ ಆಗಿರಬೇಕು, ಅಂದರೆ ರಕ್ತಕಣ ಒಡೆದು ಪೊಟ್ಯಾಸಿಯಂ ಸುಳ್ಳೇ ಜಾಸ್ತಿ ತೋರಿಸಿರಬೇಕು, ನಾಳೆ ಇನ್ನೊಂದು ಸಲ ಮಾಡಿಸಲಿ ಅಂದುಕೊಂಡೆ. "ಐದು ನಿಮಿಷ, ಮಾಡ್ತೀನಿ" ಅಂತ ಫೋನ್ ಇಟ್ಟೆ.

ಆಮೇಲೆ ಇಬ್ಬರಿಗೆ ಬಿಲ್ ಮಾಡಿದೆ. ಒಬ್ಬರ ಹತ್ತಿರ ಚಿಲ್ಲರೆಗೆ ಮಾತಾಡಿದೆ. ಆ ನಿಮಿಷಗಳನ್ನು ಇವತ್ತಿಗೂ ನುಂಗಿಕೊಳ್ಳಲು ಆಗುತ್ತಿಲ್ಲ. ಮೂರನೆಯವರು ಬಿಸ್ಕತ್ತು ಕೇಳಿದರು. ರ‍್ಯಾಕಿಗೆ ಕೈ ಹಾಕಿದಾಗ ಉಪ್ಪಿನ ಪ್ಯಾಕೆಟ್ ಕಣ್ಣಿಗೆ ಬಿತ್ತು. ತಿರುಗಿಸಿದೆ. ಹಿಂದುಗಡೆ, ಬಾರ್‌ಕೋಡಿನ ಕೆಳಗೆ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಪೊಟ್ಯಾಸಿಯಂ ಕ್ಲೋರೈಡ್. ಸೋಡಿಯಂ ಕಡಿಮೆ ಮಾಡಿದ ಜಾಗಕ್ಕೆ ಅದನ್ನೇ ತುಂಬಿರುತ್ತಾರೆ. ಕೈಕಾಲು ತಣ್ಣಗಾಯಿತು. ಎರಡು ಮಾತ್ರೆ, ಉಪ್ಪು, ಎಳನೀರು, ಬಾಳೆಹಣ್ಣು. ಎಲ್ಲವೂ ನನ್ನ ಕೌಂಟರಿನಿಂದಲೇ ಹೋಗಿದ್ದವು.

ಫೋನ್ ಮಾಡಿ, "ನಾಳೆ ಬೇಡ, ಡಾಕ್ಟರಿಗೆ ಕಾಯಬೇಡಿ, ಈಗಲೇ ಎಮರ್ಜೆನ್ಸಿಗೆ ಹೋಗಿ. ರಿಪೋರ್ಟು, ಎರಡೂ ಸ್ಟ್ರಿಪ್ಪು, ಉಪ್ಪಿನ ಪ್ಯಾಕೆಟ್ ಎಲ್ಲಾ ತಗೊಂಡು ಹೋಗಿ" ಅಂದೆ. ಇಸಿಜಿಯಲ್ಲಿ ಟಿ ವೇವ್ ಅನ್ನುವ ಅಲೆ ಚೂಪಾಗಿ ಎದ್ದಿತ್ತಂತೆ, ಪೊಟ್ಯಾಸಿಯಂ ಜಾಸ್ತಿಯಾದ ಗುರುತು. ಪೊಟ್ಯಾಸಿಯಂ ಇನ್ನೂ ಏರಿದ್ದರೆ ಎದೆಬಡಿತವೇ ತಪ್ಪಬಹುದಿತ್ತು. ಹೃದಯ ಕಾಯಲು ಕ್ಯಾಲ್ಸಿಯಂ ಗ್ಲುಕೋನೇಟ್, ಪೊಟ್ಯಾಸಿಯಂ ಇಳಿಸಲು ಗ್ಲೂಕೋಸ್ ಜೊತೆ ಇನ್ಸುಲಿನ್ ಕೊಟ್ಟು ಮೂರು ದಿನ ಇಟ್ಟುಕೊಂಡರು. ಅಮಿಲೊರೈಡ್ ನಿಲ್ಲಿಸಿದರು. ಮಂಡಿನೋವಿಗೆ ಅಂತ ಮೇಷ್ಟ್ರು ಡೈಕ್ಲೋಫಿನಾಕ್ ಬೇರೆ ನುಂಗುತ್ತಿದ್ದರು ಅಂತ ಅಲ್ಲಿ ಗೊತ್ತಾಯಿತು. ಕಿಡ್ನಿಗೆ ಅದೂ ಹೊರೆ. ನಾನು ಕೇಳಿರಲೇ ಇಲ್ಲ.

ಆ ಉಪ್ಪು ಕೆಟ್ಟದ್ದಲ್ಲ. ಸಾಮಾನ್ಯ ಜನರಲ್ಲಿ ದೊಡ್ಡವರು ಮಾಮೂಲಿ ಉಪ್ಪಿನ ಬದಲು ಅದನ್ನೇ ಬಳಸಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಹೇಳಿದೆ. ಆದರೆ ಕಿಡ್ನಿ ತೊಂದರೆ ಇರುವವರಿಗೆ, ಪೊಟ್ಯಾಸಿಯಂ ಹೊರಗೆ ಹೋಗಲು ಅಡ್ಡಿ ಇರುವವರಿಗೆ ಆ ಮಾತು ಅನ್ವಯಿಸುವುದಿಲ್ಲ ಅಂತಲೂ ಅಲ್ಲೇ ಇದೆ.

ಓನರ್ ಹತ್ತಿರ ಎಲ್ಲ ಹೇಳಿದೆ. "ಉಪ್ಪಿಗೆ ಚೀಟಿ ಬೇಕಿಲ್ಲವಲ್ಲಮ್ಮ, ನಿಂದೇನು ತಪ್ಪು" ಅಂದರು. ನನಗೆ ಸಮಾಧಾನ ಆಗಲಿಲ್ಲ. ನಮ್ಮ ಸಾಫ್ಟ್‌ವೇರ್ ಮಾರ್ಜಿನ್ ತೋರಿಸುತ್ತದೆ, ನಿಯರ್ ಎಕ್ಸ್‌ಪೈರಿ ತೋರಿಸುತ್ತದೆ. ಒಂದೇ ಹೆಸರಿಗೆ ಇಂಥ ಎರಡು ಮಾತ್ರೆ ಬಿಲ್ ಆದರೆ ಒಂದು ಕೆಂಪು ಗುರುತು ಬರಲಿ ಅಂತ ಮೂರು ಸಲ ಕೇಳಿದೆ. ಇನ್ನೂ ಬಂದಿಲ್ಲ. ಅದಕ್ಕೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಅಮಿಲೊರೈಡ್, ಅದರ ಹಾಗೇ ಪೊಟ್ಯಾಸಿಯಂ ಹಿಡಿದಿಡುವ ಸ್ಪೈರೊನೊಲ್ಯಾಕ್ಟೋನ್ ಸೇರಿದ ಮಾತ್ರೆ ತಗೊಳ್ಳುವವರ ಹೆಸರು ಅದರಲ್ಲಿದೆ. ಬೇರೆ ಏನೇನು ನುಂಗ್ತೀರಿ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಕೊನೇಸಲ ಯಾವಾಗ ನೋಡಿಸಿದಿರಿ ಅಂತ ಕೇಳುತ್ತೇನೆ. ವಾಂತಿ, ಭೇದಿ ಶುರುವಾದರೆ ಮಾತ್ರೆ ತಗೊಳ್ಳಬೇಕಾ ಬೇಡವಾ ಅಂತ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ ಅನ್ನುತ್ತೇನೆ. ಸುಮ್ನೆ ನೀವೇ ನಿಲ್ಲಿಸಬೇಡಿ ಅಂತಲೂ ಹೇಳುತ್ತೇನೆ. ಹಿಂದೆ ನಿಂತವರು ಗೊಣಗುತ್ತಾರೆ. ಗೊಣಗಲಿ.

ಮೇಷ್ಟ್ರು ಈಗಲೂ ನಮ್ಮಲ್ಲಿಗೇ ಬರುತ್ತಾರೆ. ಹೋದ ವಾರ ಮೊಮ್ಮಗನಿಗೆ ಓಆರ್‌ಎಸ್ ತಗೊಂಡರು. ಕನ್ನಡಕ ಹಣೆಗೆ ಏರಿಸಿ, ಪ್ಯಾಕೆಟ್ ಮೂಗಿನ ಹತ್ತಿರ ಹಿಡಿದು ಓದಿದರು. "ಇದ್ರಲ್ಲೂ ಪೊಟ್ಯಾಸಿಯಂ ಇದೆಯಲ್ಲಮ್ಮಾ?"

"ಇದೆ ಮೇಷ್ಟ್ರೇ. ಮಗುವಿಗೆ ಕೊಡಿ. ನಿಮಗೆ ಬೇಕು ಅನ್ನಿಸಿದರೆ ಡಾಕ್ಟರನ್ನ ಕೇಳದೆ ಕುಡೀಬೇಡಿ" ಅಂದೆ.