ಡೆಡ್‌ಲಿಫ್ಟ್ ದಿನಚರಿ: 14ನೇ ವಾರ, 40 ಕೆಜಿ

ನನಗೆ 54. ಮನೆ ಜಯನಗರದಲ್ಲಿ. ಹೋದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಅವಳನ್ನು ಮಂಚದಿಂದ ಎಬ್ಬಿಸಿ ಕುರ್ಚಿಗೆ ಕೂರಿಸುವಷ್ಟರಲ್ಲಿ ನನ್ನ ಕೈಕಾಲೇ ನಡುಗುತ್ತಿದ್ದವು. ಆಮೇಲೆ ನಾನೂ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆ. ಬೆನ್ನುಮೂಳೆಯ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವ ವಯಸ್ಸಿನವರ ಮೂಳೆಗೆ ಹೋಲಿಸಿದ ಅಂಕ, ಮೈನಸ್ 1.8 ಬಂತು. ಮೈನಸ್ 1 ಮತ್ತು ಮೈನಸ್ 2.5ರ ನಡುವೆ ಇದ್ದರೆ ಮೂಳೆ ಸವೆಯುತ್ತಿದೆ ಅಂತ ಅರ್ಥ. ಮೈನಸ್ 2.5 ಅಥವಾ ಇನ್ನೂ ಕೆಳಗಿಳಿದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸುಲಭವಾಗಿ ಮುರಿಯುವ ಸ್ಥಿತಿ. ಮುಟ್ಟು ನಿಂತ ಮೇಲಿನ ವರ್ಷಗಳಲ್ಲಿ ಈ ಸವೆತ ಜಾಸ್ತಿ. ಬರೀ ಲಾಲ್‌ಬಾಗ್ ವಾಕಿಂಗ್ ಸಾಲದು, ಭಾರ ಎತ್ತಿ ಅಂದರು ಡಾಕ್ಟರು. ನನಗೆ ಬಿಪಿ ಮಾತ್ರೆ ಇದೆ. ಅದಕ್ಕೆ ಎರಡು ಷರತ್ತು ಹಾಕಿದರು: ಉಸಿರು ಬಿಗಿ ಹಿಡಿದು ಎತ್ತಬಾರದು, ಬೆನ್ನು ಗೂನು ಮಾಡಿ ಎತ್ತಬಾರದು.

ಜುಲೈ 7, ಸೋಮವಾರ ಜಿಮ್‌ನಲ್ಲಿ ಡೆಡ್‌ಲಿಫ್ಟ್ ಶುರು ಮಾಡಿದೆ. ನೆಲದ ಮೇಲಿನ ಭಾರವನ್ನು ಸೊಂಟದಿಂದ ಬಗ್ಗಿ ಹಿಡಿದು ನೆಟ್ಟಗೆ ಎದ್ದು ನಿಲ್ಲುವ ವ್ಯಾಯಾಮ ಅದು.

1, 2ನೇ ವಾರ. ಬರೀ ಕೋಲು.

ಟ್ರೈನರ್ ಗದಗಿನ ಕಡೆಯ ಹುಡುಗ. ಮೊದಲ ದಿನ ಭಾರ ಮುಟ್ಟಲೂ ಬಿಡಲಿಲ್ಲ. ಬೆನ್ನ ಮೇಲೆ ಉದ್ದಕ್ಕೆ ಒಂದು ಕೋಲು ಇಟ್ಟು ಬಗ್ಗಲು ಹೇಳಿದ. ತಲೆಯ ಹಿಂಭಾಗ, ಹೆಗಲುಗಳ ನಡುವೆ, ಸೊಂಟದ ಕೆಳಗಿನ ಮೂಳೆ, ಈ ಮೂರು ಕಡೆ ಕೋಲು ತಾಗಿಯೇ ಇರಬೇಕು. ನಾನು ಬಗ್ಗಿದ ಕೂಡಲೇ ಕೆಳಗಿನದು ಬಿಟ್ಟುಹೋಗುತ್ತಿತ್ತು. ಅಂದರೆ ನಾನು ಸೊಂಟದಿಂದ ಬಗ್ಗುತ್ತಿರಲಿಲ್ಲ, ಬೆನ್ನನ್ನೇ ಬಗ್ಗಿಸುತ್ತಿದ್ದೆ. ಮೂರು ದಿನ ಇದೇ ಆಯಿತು, ಅಳು ಬರುವ ಹಾಗಾಗಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದೆ. ಚುಕ್ಕಿ ಇಟ್ಟು ಎಳೆ ಎಳೆಯುವಾಗ ಗಮನಿಸಿದೆ: ಮಂಡಿ ಚೂರು ಸಡಿಲ, ಸೊಂಟ ಹಿಂದಕ್ಕೆ ಹೋಗಿದೆ, ತೊಡೆಯ ಹಿಂದೆ ಎಳೆತ. ‘ರೀ, ಒಂದು ನಿಮಿಷ ಬನ್ನಿ, ಮಾಪ್ ಕೋಲು ತನ್ನಿ’ ಅಂತ ಇವರನ್ನು ಕರೆದೆ. ಇವರು ಕೋಲನ್ನು ನನ್ನ ಬೆನ್ನ ಮೇಲೆ ಇಟ್ಟರು. ಮೂರೂ ಕಡೆ ತಾಗಿತು! ಮೂವತ್ತು ವರ್ಷದಿಂದ ದಿನಾ ಮಾಡುತ್ತಿದ್ದದ್ದೇ ಜಿಮ್‌ನಲ್ಲಿ ಬರುತ್ತಿರಲಿಲ್ಲ ನೋಡಿ. ಆವತ್ತಿನಿಂದ ಎತ್ತುವ ಮೊದಲು ಮನಸ್ಸಿನಲ್ಲೇ ಒಂದು ಚುಕ್ಕಿ ಇಡುತ್ತೇನೆ.

3ರಿಂದ 7ನೇ ವಾರ.

ಕೆಟಲ್‌ಬೆಲ್ (ಹಿಡಿ ಇರುವ ಕಬ್ಬಿಣದ ಗುಂಡು) 8 ಕೆಜಿ, 12, 16. ಆರನೇ ವಾರ ಎರಡು ತುದಿಗೆ ಭಾರದ ಪ್ಲೇಟ್ ಹಾಕುವ ಉದ್ದನೆ ರಾಡ್ ಮಾತ್ರ, ಅದೇ 20 ಕೆಜಿ. ಏಳನೇ ವಾರ 25.

ಚಿಕ್ಕ ಪ್ಲೇಟ್ ಹಾಕಿದಾಗ ರಾಡ್ ನೆಲಕ್ಕೆ ತೀರಾ ಹತ್ತಿರ ಇರುತ್ತದೆ. ದೊಡ್ಡ ಪ್ಲೇಟಿನ ಅಗಲ 45 ಸೆಂಟಿಮೀಟರ್, ಹಾಗಾಗಿ ರಾಡ್ ಇರಬೇಕಾದ ಎತ್ತರ 22.5 ಸೆಂಟಿಮೀಟರ್. ಅಷ್ಟು ಎತ್ತರಕ್ಕೆ ಬರುವ ಹಾಗೆ ಎರಡೂ ಕಡೆ ರಬ್ಬರ್ ಪ್ಲೇಟ್ ಅಡಿಗೆ ಕೊಟ್ಟು ಎತ್ತುತ್ತೇನೆ. ನಮ್ಮ ವಯಸ್ಸಿನವರು ಇದನ್ನು ಕೇಳಿ ಮಾಡಿಸಿಕೊಳ್ಳಲೇಬೇಕು. ಇನ್ನೂ ಕೆಳಗಿನಿಂದ ಎತ್ತಿದರೆ ಬೆನ್ನು ಗೂನಾಗುವುದು ಅಲ್ಲೇ. ಮೆತ್ತನೆ ಶೂನಲ್ಲಿ ಕಾಲು ಅಲುಗಾಡುತ್ತದೆ, ಅದಕ್ಕೆ ಬರಿಗಾಲು.

ರಾಡ್ ಪಾದದ ನಡುವೆ. ಕಂಕುಳಲ್ಲಿ ಪೇಪರ್ ಅವುಚಿಕೊಂಡ ಹಾಗೆ ತೋಳು ಬಿಗಿ. ಮೊದಲು ಮೆಲ್ಲಗೆ ಎಳೆದು ರಾಡಿನ ಸಡಿಲು ತೆಗೆಯಬೇಕು. ‘ಟಿಕ್’ ಅಂತ ಕಬ್ಬಿಣ ಕಬ್ಬಿಣಕ್ಕೆ ತಾಗುವ ಸದ್ದು ಬರುತ್ತದೆ. ಅದು ಬಂದ ಮೇಲೇ ಎತ್ತುವುದು. ‘ಎಳೀಬ್ಯಾಡ್ರಿ ಮೇಡಂ, ನೆಲಾ ಒತ್ರಿ’ ಅನ್ನುತ್ತಾನೆ ಹುಡುಗ. ಅವರ ಕಡೆ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುತ್ತಾರಲ್ಲ, ಅದನ್ನು ನೋಡುತ್ತಾ ಬೆಳೆದವನು. ರಾಡ್ ಮೊಣಕಾಲಿನ ಕೆಳಗಿನ ಮೂಳೆ ಸವರಿಕೊಂಡೇ ಮೇಲೆ ಬರಬೇಕು. ಮೈಯಿಂದ ದೂರ ಹೋದಷ್ಟೂ ಸೊಂಟಕ್ಕೆ ಭಾರ. ಮೇಲೇಳುವಾಗ ಬಾಯಿಂದ ಉಸಿರು ಬಿಡುತ್ತೇನೆ, ಬಿಪಿ ಇರುವುದರಿಂದ.

8ನೇ ವಾರ. ತಪ್ಪು.

ಗಣೇಶ ಹಬ್ಬದ ಮಾರನೆ ದಿನ, ಆಗಸ್ಟ್ 28. ಹಬ್ಬದ ಕೆಲಸ, ಎರಡು ರಾತ್ರಿ ಸರಿ ನಿದ್ದೆಯಿಲ್ಲ. ಟ್ರೈನರ್ ಊರಿಗೆ ಹೋಗಿದ್ದ. 30 ಕೆಜಿ ಹಗುರ ಅನ್ನಿಸಿತು. ಒಂದೇ ಸಲಕ್ಕೆ 40 ಹಾಕಿದೆ. ಮೂರನೇ ಸಲ ಎತ್ತುವಾಗ ಸೊಂಟದ ಎಡಗಡೆ ಹಿಡಿದುಕೊಂಡಿತು.

ತುಂಬಾ ಹೆದರಿದೆ. ಕಾಲಿಗೆ ನೋವು ಇಳಿಯಲಿಲ್ಲ, ಜೋಮು ಇರಲಿಲ್ಲ. ಅವು ಇದ್ದರೆ, ಅಥವಾ ಮೂತ್ರದ ಹಿಡಿತ ತಪ್ಪಿದರೆ, ಸುಮ್ನೆ ಮನೆಯಲ್ಲಿ ಕೂರಬಾರದು, ತಕ್ಷಣ ಡಾಕ್ಟರ ಹತ್ತಿರ ಹೋಗಬೇಕು. ಡಾಕ್ಟರಿಗೆ ಫೋನ್ ಮಾಡಿದಾಗ ಮಲಗೇ ಇರಬೇಡಿ, ಆಗುವಷ್ಟು ನಡೆಯಿರಿ ಅಂದರು. ಹಾಗೇ ಮಾಡಿದೆ. 10 ದಿನ ರಾಡ್ ಮುಟ್ಟಲಿಲ್ಲ.

10ರಿಂದ 13ನೇ ವಾರ.

ಸೆಪ್ಟೆಂಬರ್ 8ರಂದು ಮತ್ತೆ 20ರಿಂದ. ಈಗ ಸೋಮವಾರ ಮತ್ತು ಗುರುವಾರ ಮಾತ್ರ, ಒಂದು ಸಲಕ್ಕೆ 2.5 ಕೆಜಿ ಮಾತ್ರ ಜಾಸ್ತಿ, ಅಂದರೆ ಒಂದೊಂದು ಕಡೆಗೆ 1.25ರ ಪುಟ್ಟ ಪ್ಲೇಟ್. ಐದೈದರಂತೆ ಮೂರು ಸೆಟ್. ಇನ್ನೂ ಎರಡು ಮೂರು ಎತ್ತಬಹುದು ಅನ್ನುವಾಗಲೇ ನಿಲ್ಲಿಸುತ್ತೇನೆ. ನಿದ್ದೆ ಕೆಟ್ಟ ದಿನ ಕೋಲು ಹಿಡಿದು ಬಗ್ಗಿ ಎದ್ದು ಮನೆಗೆ ಬರುತ್ತೇನೆ.

ಊಟದಲ್ಲಿ ಪ್ರೋಟೀನ್ ಲೆಕ್ಕ ಇಟ್ಟಿದ್ದೇನೆ. ನಮ್ಮ ದೇಶದ ಶಿಫಾರಸು ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ. ನನ್ನ 61 ಕೆಜಿಗೆ ಸುಮಾರು 50 ಗ್ರಾಂ. ಮೊದಲು ಅಷ್ಟೂ ಆಗುತ್ತಿರಲಿಲ್ಲ. ಬೆಳಿಗ್ಗೆ ಎರಡು ಮೊಟ್ಟೆ, ಸಂಜೆ ಕಡಲೆಕಾಳು ಉಸಲಿ ಸೇರಿಸಿದ ಮೇಲೆ ಆಗುತ್ತಿದೆ.

ಅಕ್ಟೋಬರ್ 2, ವಿಜಯದಶಮಿ. ಹಿಂದಿನ ದಿನ ಜಿಮ್‌ನಲ್ಲಿ ಆಯುಧಪೂಜೆ ಮಾಡಿದ್ದರು. ರಾಡಿಗೆ ಅರಿಶಿನ ಕುಂಕುಮ, ಪ್ಲೇಟುಗಳ ಮೇಲೆ ಚೆಂಡು ಹೂವು. ಕಾಲಿಗೆ ತಾಗದ ಹಾಗೆ ಹೂವು ಎತ್ತಿಟ್ಟು, ರಾಡ್ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಆವತ್ತು 37.5. ಅಂಗೈಗೆಲ್ಲಾ ಕುಂಕುಮ.

14ನೇ ವಾರ.

ಸೋಮವಾರ 40, ಐದೈದರಂತೆ ಮೂರು ಸೆಟ್. ಅದೇ ಭಾರ, ಆದರೆ ಈ ಸಲ ಸೊಂಟ ಸುಮ್ಮನಿತ್ತು. ನೋವಾಗಿದ್ದು ತೊಡೆಯ ಹಿಂದೆ, ಆಗಬೇಕಾದ ಕಡೆಯೇ. ಸಂಜೆ ಅಮ್ಮನನ್ನು ಕುರ್ಚಿಯಿಂದ ಎಬ್ಬಿಸುವಾಗ ಹತ್ತಿರ ನಿಂತು, ಸೊಂಟ ಹಿಂದಕ್ಕೆ ಹಾಕಿ, ನೆಲ ಒತ್ತಿದೆ. ‘ಇವತ್ತು ನೀನು ನಡುಗಲಿಲ್ಲ ಕಣೇ’ ಅಂದಳು.

ಗುರುವಾರವೂ 40ರಲ್ಲೇ ಇರುತ್ತೇನೆ. ಮುಂದಿನ ವಾರವೂ ಅಷ್ಟೇ. ಆಮೇಲೆ 42.5.